ಐ.ಎನ್.ಎಸ್. ಮೈಸೂರು ಆಗುವ ಮೊದಲು ಎಚ್.ಎಂ.ಎಸ್. ನೈಜೀರಿಯಾ ಯಾವ ಯಾವ ಯುದ್ಧದಲ್ಲಿತ್ತು?

ಪ್ರಶ್ನೆ — ಮಂಡ್ಯದ ಓದುಗ

ಎಲ್ಲರಿಗೂ ನಮಸ್ಕಾರ. ನನ್ನ ದೊಡ್ಡಪ್ಪನವರು 1958ರಿಂದ ಎಂಟು ವರ್ಷ ಐ.ಎನ್.ಎಸ್. ಮೈಸೂರು ಹಡಗಿನ ಬಾಯ್ಲರ್ ಕೋಣೆಯಲ್ಲಿ ಸ್ಟೋಕರ್ ಆಗಿ ಕೆಲಸ ಮಾಡಿದವರು. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿದ್ದ ಅವರ ತಗಡಿನ ಟ್ರಂಕನ್ನು ಕೆಳಗಿಳಿಸಿ ನೋಡಿದಾಗ, ಹಡಗಿನ ಹೆಸರು ನೇಯ್ದ ಟೋಪಿಯ ಕಪ್ಪು ಪಟ್ಟಿಯೊಂದು, ಕೆಲವು ಪತ್ರಗಳು ಮತ್ತು ಅಂಗೈಯಗಲದ ಒಂದು ಕಪ್ಪು ಬಿಳುಪು ಫೋಟೊ ಸಿಕ್ಕಿದವು. ಫೋಟೊದ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ "ಹಳೇ ಹೆಸರು ನೈಜೀರಿಯಾ. 52 ಜನ" ಎಂದಷ್ಟೇ ಬರೆದಿದ್ದಾರೆ. ಆ ಐವತ್ತೆರಡು ಜನ ಯಾರೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಹಡಗಿನಲ್ಲಿ ಏಳೆಂಟು ನೂರು ಜನರಿರುತ್ತಿದ್ದರು ಎಂದು ಅವರೇ ಹೇಳುತ್ತಿದ್ದುದರಿಂದ ಅದು ಸಿಬ್ಬಂದಿಯ ಲೆಕ್ಕವಂತೂ ಇರಲಾರದು.

ದೊಡ್ಡಪ್ಪ ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಕಥೆಯಲ್ಲಿ ಜರ್ಮನಿಯ ಗ್ರಾಫ್ ಸ್ಪೀ ಎಂಬ ಹಡಗನ್ನು ದಕ್ಷಿಣ ಅಮೆರಿಕದ ತೀರದಲ್ಲಿ ಅಟ್ಟಿಸಿಕೊಂಡು ಹೋದ ಪ್ರಸಂಗವೂ ಇತ್ತು. ಅದು ಇದೇ ಹಡಗೇ? ಇನ್ನೊಂದು ಸಂಗತಿ ನನ್ನನ್ನು ಬಹಳ ಗೊಂದಲಕ್ಕೆ ಹಾಕಿದೆ. ನೈಜೀರಿಯಾದ ಯುದ್ಧಕಾಲದ ಚಿತ್ರಗಳನ್ನು ನೋಡಿದರೆ ಮುಂದೆ ಎರಡು, ಹಿಂದೆ ಎರಡು, ಹೀಗೆ ಒಟ್ಟು ನಾಲ್ಕು ಟರೆಟ್ಟುಗಳು, ಅಂದರೆ ಫಿರಂಗಿಗಳನ್ನು ಕೂರಿಸಿದ ತಿರುಗುವ ಗೂಡುಗಳು, ಕಾಣುತ್ತವೆ. ದೊಡ್ಡಪ್ಪನವರ ಫೋಟೊದಲ್ಲಿ ಮುಂದೆ ಎರಡಿದ್ದರೂ ಹಿಂದೆ ಇರುವುದು ಒಂದೇ. ಎರಡೂ ಒಂದೇ ಹಡಗು ಹೌದೇ ಎಂಬ ಅನುಮಾನ ನನಗಿದೆ. ಬಲ್ಲವರು ದಯವಿಟ್ಟು ವಿವರಿಸಬೇಕಾಗಿ ಕೋರಿಕೆ.

ಉತ್ತರ — ನೌಕಾ ಇತಿಹಾಸ ಪ್ರಿಯ

ಮೊದಲು ನಿಮ್ಮ ಅನುಮಾನವನ್ನು ಪರಿಹರಿಸುತ್ತೇನೆ: ಎರಡೂ ಒಂದೇ ಹಡಗು. ಬ್ರಿಟನ್ನಿನ ನ್ಯೂಕಾಸಲ್ ಬಳಿಯ ವಾಕರ್ ಎಂಬಲ್ಲಿ, ಟೈನ್ ನದಿಯ ದಡದ ವಿಕರ್ಸ್ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಲ್ಲಿ 1938ರ ಫೆಬ್ರವರಿಯಲ್ಲಿ ಇದರ ನಿರ್ಮಾಣ ಆರಂಭವಾಯಿತು. 1939ರ ಜುಲೈನಲ್ಲಿ, ಅಂದರೆ ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಆರೇಳು ವಾರ ಮೊದಲು, ಅದನ್ನು ನೀರಿಗಿಳಿಸಿದರು. 1940ರ ಸೆಪ್ಟೆಂಬರಿನಲ್ಲಿ ಅದು ಸೇವೆಗೆ ಸೇರಿತು. ಆಗ ಅದರ ಮೇಲೆ ಆರು ಅಂಗುಲದ ಹನ್ನೆರಡು ಫಿರಂಗಿಗಳು, ಟರೆಟ್ಟಿಗೆ ಮೂರರಂತೆ ನಾಲ್ಕು ಟರೆಟ್ಟುಗಳಲ್ಲಿ ಇದ್ದವು. ಭಾರತ ಅದನ್ನು 1954ರಲ್ಲಿ ಕೊಂಡ ಮೇಲೆ ಬರ್ಕನ್‌ಹೆಡ್‌ನ ಕ್ಯಾಮಲ್ ಲೇರ್ಡ್ ಕಾರ್ಖಾನೆಯಲ್ಲಿ ಬಹುಮಟ್ಟಿಗೆ ಹೊಸದಾಗಿ ಕಟ್ಟಿದಂತೆಯೇ ದುರಸ್ತಿ ನಡೆಯಿತು. ಆಗ ಹಿಂಭಾಗದ ಎರಡು ಟರೆಟ್ಟುಗಳಲ್ಲಿ ಮೇಲ್ಮಟ್ಟದಲ್ಲಿದ್ದುದನ್ನೂ ನೀರಿನಡಿ ಸಾಗಿ ಸಿಡಿಯುವ ಟಾರ್ಪೆಡೊಗಳನ್ನು ಬಿಡುವ ಕೊಳವೆಗಳನ್ನೂ ತೆಗೆದುಹಾಕಿದರು, ಅಧಿಕಾರಿಗಳು ನಿಂತು ಹಡಗು ನಡೆಸುವ ಬ್ರಿಜ್ಜಿನ ಆಕಾರ ಬದಲಿಸಿದರು, ಜಾಲಂಧ್ರದಂಥ ಹೊಸ ಕಂಬಗಳನ್ನು ನಿಲ್ಲಿಸಿದರು. ನಿಮ್ಮ ದೊಡ್ಡಪ್ಪನವರು ಹತ್ತಿದ್ದು ಒಂಬತ್ತು ಫಿರಂಗಿಗಳ ಆ ಹಡಗನ್ನು. ಫೋಟೊದಲ್ಲಿ ಹಿಂದಿನ ಟರೆಟ್ಟಿನ ಮುಂದುಗಡೆ ಸ್ವಲ್ಪ ಬೋಳಾದ ಜಾಗ ಕಾಣುತ್ತಿದ್ದರೆ, ಹಳೆಯ ಟರೆಟ್ಟು ಕೂತಿದ್ದ ಸ್ಥಳ ಅದೇ.

ಗ್ರಾಫ್ ಸ್ಪೀ ವಿಚಾರದಲ್ಲಿ ಮಾತ್ರ ಎರಡು ಹಡಗುಗಳ ಕಥೆಗಳು ಒಂದರೊಳಗೊಂದು ಸೇರಿಹೋಗಿವೆ. 1939ರ ಡಿಸೆಂಬರ್ 13ರಂದು ರಿವರ್ ಪ್ಲೇಟ್ ಎದುರಿನ ಕದನದಲ್ಲಿ ಆ ಜರ್ಮನ್ ಹಡಗನ್ನು ಎದುರಿಸಿದವು ಎಕ್ಸೆಟರ್, ಏಜಾಕ್ಸ್ ಮತ್ತು ಅಕಿಲೀಸ್ ಎಂಬ ಮೂರು ಕ್ರೂಸರುಗಳು, ಅಂದರೆ ಮಧ್ಯಮ ಗಾತ್ರದ ವೇಗದ ಯುದ್ಧಹಡಗುಗಳು. ಆ ದಿನ ನೈಜೀರಿಯಾ ಇನ್ನೂ ಟೈನ್ ನದಿಯ ದಡದಲ್ಲಿ ಅರ್ಧ ಮುಗಿದ ಕಬ್ಬಿಣವಾಗಿತ್ತು. ಆದರೆ ಅಕಿಲೀಸ್ 1948ರಲ್ಲಿ ಭಾರತಕ್ಕೆ ಬಂದು ಡೆಲ್ಲಿ ಎಂಬ ಹೆಸರು ಪಡೆಯಿತು. ಆ ಕದನದ ಬಗ್ಗೆ ಮುಂದೆ ಬ್ರಿಟನ್ನಿನವರು ಚಲನಚಿತ್ರ ತೆಗೆದಾಗ ಡೆಲ್ಲಿ ಹಡಗೇ ಅಕಿಲೀಸ್ ಆಗಿ ತನ್ನ ಪಾತ್ರವನ್ನು ತಾನೇ ಮಾಡಿತು. ಡೆಲ್ಲಿ ಮತ್ತು ಮೈಸೂರು ಎರಡೂ ಬಹುಕಾಲ ಜೊತೆಯಾಗಿಯೇ ಇದ್ದುದರಿಂದ ಸಿಬ್ಬಂದಿಯ ಬಾಯಲ್ಲಿ ಕಥೆಗಳು ಹಡಗಿನಿಂದ ಹಡಗಿಗೆ ದಾಟಿದ್ದರೆ ಆಶ್ಚರ್ಯವಿಲ್ಲ.

ಇನ್ನು ಆ ಐವತ್ತೆರಡು ಜನರ ವಿಷಯ. ಅದು 1942ರ ಆಗಸ್ಟ್ 12ರ ಸಂಜೆ ನೈಜೀರಿಯಾದಲ್ಲಿ ಸತ್ತವರ ಸಂಖ್ಯೆ. ಆ ಸಂಜೆಯ ಸಂಗತಿಯನ್ನು ಕೊಂಚ ನಿಧಾನವಾಗಿಯೇ ಹೇಳಬೇಕು.

ಮೆಡಿಟರೇನಿಯನ್ ಸಮುದ್ರದ ನಡುವೆ ಬ್ರಿಟಿಷರ ವಶದಲ್ಲಿದ್ದ ಮಾಲ್ಟಾ ದ್ವೀಪ ಆಗ ಜರ್ಮನಿ ಮತ್ತು ಇಟಲಿಯ ಮುತ್ತಿಗೆಯಲ್ಲಿತ್ತು. ಆಹಾರವೂ ಇಂಧನವೂ ಮುಗಿಯುತ್ತ ಬಂದಿದ್ದವು. ಶರಣಾಗಬೇಕಾದ ದಿನ ಯಾವುದೆಂದು ಲೆಕ್ಕ ಹಾಕುವ ಸ್ಥಿತಿಗೆ ಅಲ್ಲಿಯ ಆಡಳಿತ ಬಂದಿತ್ತು. ಆದ್ದರಿಂದ ಬ್ರಿಟನ್ 14 ಸರಕು ಹಡಗುಗಳನ್ನು, ಎರಡು ಯುದ್ಧನೌಕೆಗಳು, ವಿಮಾನವಾಹಕ ನೌಕೆಗಳು, ಏಳು ಕ್ರೂಸರುಗಳು ಮತ್ತು ಅವುಗಳಿಗಿಂತ ಚಿಕ್ಕವಾದ ಡೆಸ್ಟ್ರಾಯರ್ ಎಂಬ ವೇಗದ ಹಡಗುಗಳ ದೊಡ್ಡ ದಂಡಿನ ಬೆಂಗಾವಲಿನಲ್ಲಿ ಜಿಬ್ರಾಲ್ಟರ್ ದಾಟಿಸಿ ಕಳುಹಿಸಿತು. ಆಪರೇಷನ್ ಪೆಡೆಸ್ಟಲ್ ಎಂಬುದು ಅದರ ಗುಪ್ತನಾಮ. ಸಿಸಿಲಿಗೂ ಟ್ಯುನೀಷಿಯಾಕ್ಕೂ ನಡುವಿನ ಕಿರಿದಾದ ಜಾಗದೊಳಕ್ಕೆ ದೊಡ್ಡ ಹಡಗುಗಳನ್ನು ನುಗ್ಗಿಸುವುದು ಅಪಾಯವೆಂದು ಮೊದಲೇ ತೀರ್ಮಾನವಾಗಿತ್ತು. ಹಾಗಾಗಿ 12ರ ಸಂಜೆ ಯುದ್ಧನೌಕೆಗಳೂ ವಿಮಾನವಾಹಕಗಳೂ ಹಿಂದಿರುಗಿದವು, ಮುಂದಿನ ದಾರಿಯ ಹೊಣೆ ರಿಯರ್ ಅಡ್ಮಿರಲ್ ಹೆರಾಲ್ಡ್ ಬರೋ ಅವರ ಮೇಲೆ ಬಿತ್ತು. ಅವರ ಕೈಯಲ್ಲಿದ್ದದ್ದು ನೈಜೀರಿಯಾ, ಕೀನ್ಯಾ, ಮ್ಯಾಂಚೆಸ್ಟರ್, ಕೈರೊ ಎಂಬ ನಾಲ್ಕು ಕ್ರೂಸರುಗಳು ಮತ್ತು ಕೆಲವು ಡೆಸ್ಟ್ರಾಯರುಗಳು ಮಾತ್ರ. ಅವರ ಧ್ವಜ ಹಾರುತ್ತಿದ್ದದ್ದು ನೈಜೀರಿಯಾದ ಮೇಲೆ, ಅಂದರೆ ಅವರು ದಂಡನ್ನು ನಡೆಸುತ್ತಿದ್ದದ್ದು ಆ ಹಡಗಿನಿಂದ.

ದೊಡ್ಡ ಹಡಗುಗಳು ಹಿಂದಿರುಗಿ ಸುಮಾರು ಒಂದು ಗಂಟೆಯಾಗಿರಬಹುದು. ಸರಕು ಹಡಗುಗಳು ನಾಲ್ಕು ಸಾಲುಗಳಿಂದ ಎರಡು ಸಾಲುಗಳಿಗೆ ಬದಲಾಗುತ್ತಿದ್ದವು. ಅಂಥ ಹೊತ್ತಿನಲ್ಲಿ ಯಾವ ದಂಡೂ ಗಲಿಬಿಲಿಯಲ್ಲಿಯೇ ಇರುತ್ತದೆ. ರಾತ್ರಿ ಎಂಟಕ್ಕೆ ಐದು ನಿಮಿಷವಿರುವಾಗ ಇಟಲಿಯ ಆಕ್ಸುಮ್ ಎಂಬ ಜಲಾಂತರ್ಗಾಮಿ, ರೆನಾಟೊ ಫೆರ್ರೀನಿ ಎಂಬ ಅಧಿಕಾರಿಯ ನೇತೃತ್ವದಲ್ಲಿ, ಒಂದೇ ಸಲಕ್ಕೆ ನಾಲ್ಕು ಟಾರ್ಪೆಡೊಗಳನ್ನು ಬಿಟ್ಟಿತು. ನಾಲ್ಕೂ ತಾಗಿದವು: ನೈಜೀರಿಯಾಕ್ಕೆ ಒಂದು, ಕೈರೊಗೆ ಎರಡು, ಮಾಲ್ಟಾಕ್ಕೆ ಎಲ್ಲಕ್ಕಿಂತ ಅಗತ್ಯವಾಗಿದ್ದ ಇಂಧನ ಹೊತ್ತಿದ್ದ ಒಹಾಯೊ ಎಂಬ ಟ್ಯಾಂಕರಿಗೆ ಒಂದು. ಇಡೀ ಯುದ್ಧದಲ್ಲಿ ಒಂದೇ ಸುತ್ತಿನ ಟಾರ್ಪೆಡೊಗಳಿಂದ ಇಷ್ಟು ದೊಡ್ಡ ಪೆಟ್ಟು ಬಿದ್ದ ಉದಾಹರಣೆಗಳು ತೀರಾ ಕಡಿಮೆ. ಕೈರೊವನ್ನು ಉಳಿಸಲಾಗದೆ ಬ್ರಿಟಿಷರೇ ಮುಳುಗಿಸಿದರು. ನೈಜೀರಿಯಾ ಒಂದು ಕಡೆಗೆ ವಾಲಿ ನಿಂತಿತು. ಬರೋ ಅವರು ತಮ್ಮ ಧ್ವಜವನ್ನು ಅಶಾಂಟಿ ಎಂಬ ಡೆಸ್ಟ್ರಾಯರಿಗೆ ಬದಲಿಸಿಕೊಂಡು ಮುಂದೆ ಹೋದರು. ಗಾಯಗೊಂಡ ನೈಜೀರಿಯಾ ತನ್ನದೇ ಯಂತ್ರಬಲದಿಂದ ಜಿಬ್ರಾಲ್ಟರಿಗೆ ವಾಪಸು ಬಂತು, ಅಲ್ಲಿಂದ ಮುಂದೆ ಅದನ್ನು ಪೂರ್ತಿ ದುರಸ್ತಿಗಾಗಿ ಅಮೆರಿಕದ ಚಾರ್ಲ್ಸ್‌ಟನ್‌ಗೆ ಕಳುಹಿಸಬೇಕಾಯಿತು.

ಐವತ್ತೆರಡು ಜನ ಎಂದು ನಿಮ್ಮ ದೊಡ್ಡಪ್ಪ ಬರೆದಿಟ್ಟದ್ದು ಅವರನ್ನು.

ಉತ್ತರ — ರೇಡಿಯೊ ಹುಚ್ಚು

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಲೇಬೇಕು, ಏಕೆಂದರೆ ಆ ಸಂಜೆಯ ನಷ್ಟವನ್ನು ಸತ್ತವರ ಸಂಖ್ಯೆಯಿಂದ ಅಥವಾ ಫಿರಂಗಿಗಳ ಸಂಖ್ಯೆಯಿಂದ ಮಾತ್ರ ಅಳೆದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಮಾಲ್ಟಾದಿಂದ ಹಾರಿಬರುವ ಬ್ರಿಟಿಷ್ ಯುದ್ಧವಿಮಾನಗಳ ಜೊತೆ ರೇಡಿಯೊದಲ್ಲಿ ಮಾತಾಡಿ, ಶತ್ರು ವಿಮಾನಗಳು ಯಾವ ದಿಕ್ಕಿನಲ್ಲಿವೆ, ಎಷ್ಟು ಎತ್ತರದಲ್ಲಿವೆ ಎಂದು ಹೇಳಿ ಅವುಗಳನ್ನು ಸರಿಯಾದ ಜಾಗಕ್ಕೆ ತಿರುಗಿಸುವ ಉಪಕರಣಗಳು ಮತ್ತು ತರಬೇತಾದ ಜನ ಆ ದಂಡಿನಲ್ಲಿ ಎರಡೇ ಹಡಗುಗಳ ಮೇಲಿದ್ದರು. ಒಂದು ನೈಜೀರಿಯಾ, ಇನ್ನೊಂದು ಕೈರೊ. ಆಕ್ಸುಮ್‌ನ ನಾಯಕನಿಗೆ ಇದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆದರೂ ಅವನ ಒಂದೇ ಸುತ್ತು ಎರಡನ್ನೂ ಕಿತ್ತುಹಾಕಿತು.

ಪರಿಣಾಮ ಒಂದು ಗಂಟೆಯೊಳಗೇ ಕಂಡುಬಂತು. ಮುಸ್ಸಂಜೆಯಲ್ಲಿ ಜರ್ಮನ್ ವಿಮಾನಗಳು ಎರಗಿದಾಗ ಮಾಲ್ಟಾದಿಂದ ಬಂದ ಬ್ಯೂಫೈಟರ್ ವಿಮಾನಗಳು ಮೇಲೆಯೇ ಇದ್ದವು, ಆದರೆ ಅವುಗಳಿಗೆ ದಾರಿ ಹೇಳುವ ದನಿ ಕೆಳಗೆ ಇರಲಿಲ್ಲ. ಗಾಬರಿಯಲ್ಲಿದ್ದ ಹಡಗುಗಳು ತಮ್ಮವರೇ ಆದ ಆ ವಿಮಾನಗಳ ಮೇಲೂ ಗುಂಡು ಹಾರಿಸಿದವು. ಎಂಪೈರ್ ಹೋಪ್, ಕ್ಲ್ಯಾನ್ ಫರ್ಗ್ಯುಸನ್ ಎಂಬ ಸರಕು ಹಡಗುಗಳು ಆ ದಾಳಿಯಲ್ಲಿ ಹೋದವು. ಅದೇ ರಾತ್ರಿ ಕೀನ್ಯಾದ ಮೂತಿಗೆ ಇನ್ನೊಂದು ಇಟಾಲಿಯನ್ ಜಲಾಂತರ್ಗಾಮಿಯ ಟಾರ್ಪೆಡೊ ಹೊಡೆಯಿತು, ನಡುರಾತ್ರಿ ಕಳೆದ ಮೇಲೆ ಮ್ಯಾಂಚೆಸ್ಟರನ್ನು ಟಾರ್ಪೆಡೊ ದೋಣಿಗಳು ಹೊಡೆದುಹಾಕಿದವು. ಬರೋ ಅವರ ನಾಲ್ಕು ಕ್ರೂಸರುಗಳಲ್ಲಿ ಒಂದಕ್ಕೂ ಪೆಟ್ಟು ತಪ್ಪಲಿಲ್ಲ. 14 ಸರಕು ಹಡಗುಗಳಲ್ಲಿ ಐದು ಮಾತ್ರ ಮಾಲ್ಟಾ ತಲುಪಿದವು. ಅವುಗಳಲ್ಲಿ ಕೊನೆಯದು ಒಹಾಯೊ. ಎರಡೂ ಬದಿಗೆ ಡೆಸ್ಟ್ರಾಯರುಗಳನ್ನು ಕಟ್ಟಿಕೊಂಡು, ಕುಡಿದವನನ್ನು ಇಬ್ಬರು ಹೆಗಲು ಕೊಟ್ಟು ಮನೆಗೆ ಕರೆತಂದ ಹಾಗೆ, ಆಗಸ್ಟ್ 15ರಂದು ಬಂದರಿಗೆ ಬಂತು. ದ್ವೀಪ ಉಳಿಯಿತು.

ಹಾಗೆ ನೋಡಿದರೆ ನನ್ನ ಮಟ್ಟಿಗೆ ನೈಜೀರಿಯಾದ ಅತಿ ದೊಡ್ಡ ಸೇವೆ ಅದಕ್ಕೂ ಒಂದು ವರ್ಷ ಹಿಂದಿನದು, ಅದರಲ್ಲಿ ಸದ್ದು ಬಹಳ ಕಡಿಮೆ. ಜರ್ಮನಿಯ ನೌಕಾಬಲ ಎನಿಗ್ಮಾ ಯಂತ್ರದಿಂದ ಕಳುಹಿಸುತ್ತಿದ್ದ ಗುಪ್ತ ಸಂದೇಶಗಳನ್ನು ಒಡೆಯಲು ಬ್ರಿಟನ್ನಿನ ಗುಪ್ತಲಿಪಿ ಭೇದಕರ ಕೇಂದ್ರವಾದ ಬ್ಲೆಚ್ಲೀ ಪಾರ್ಕಿನವರು ಹೆಣಗುತ್ತಿದ್ದರು. ಗ್ರೀನ್‌ಲ್ಯಾಂಡ್ ಕಡೆಯ ಸಮುದ್ರದಲ್ಲಿ ಜರ್ಮನಿ ಮೀನು ಹಿಡಿಯುವ ಟ್ರಾಲರುಗಳನ್ನೇ ಹವಾಮಾನ ವರದಿಯ ಹಡಗುಗಳಾಗಿ ನಿಲ್ಲಿಸಿತ್ತು. ಅವು ವಾರಗಟ್ಟಲೆ ಹೊರಗಿರುವುದರಿಂದ ಮುಂದಿನ ತಿಂಗಳ ಗುಪ್ತಲಿಪಿಯ ಕೀಲಿಗಳನ್ನೂ ಹೊತ್ತಿರಲೇಬೇಕು ಎಂದು ಊಹಿಸಿದವರು ಹ್ಯಾರಿ ಹಿನ್ಸ್ಲೀ, ಆಗ ಇನ್ನೂ ಇಪ್ಪತ್ತೆರಡರ ತರುಣ. ಯುದ್ಧನೌಕೆಯಲ್ಲಿ ಕೀಲಿಗಳಿದ್ದರೆ ಹಿಡಿಯುವುದು ಕಷ್ಟ. ಟ್ರಾಲರಿನಲ್ಲಿದ್ದರೆ ಸುಲಭವಲ್ಲವೇ ಎಂಬ ಸರಳ ತರ್ಕ ಅದು. 1941ರ ಜೂನ್ 28ರಂದು ನೈಜೀರಿಯಾ, ಬೆಡುಯಿನ್, ಟಾರ್ಟರ್, ಜುಪಿಟರ್ ಎಂಬ ಮೂರು ಡೆಸ್ಟ್ರಾಯರುಗಳೊಂದಿಗೆ ಯಾನ್ ಮಾಯೆನ್ ದ್ವೀಪದ ಈಶಾನ್ಯಕ್ಕೆ ಹೋಗಿ ಲಾಯೆನ್‌ಬುರ್ಗ್ ಎಂಬ ಅಂಥ ಒಂದು ಟ್ರಾಲರನ್ನು ಹಿಡಿಯಿತು. ಹಡಗನ್ನು ಮುಳುಗಿಸುವುದು ಗುರಿಯಾಗಿರಲಿಲ್ಲವಾದ್ದರಿಂದ ಅದರ ಸಿಬ್ಬಂದಿ ಹೆದರಿ ದೋಣಿಗಿಳಿಯುವಷ್ಟು ಮಾತ್ರ ಗುಂಡು ಹಾರಿಸಿದರು. ಟಾರ್ಟರಿನ ತಂಡ ಹತ್ತಿಹೋಗಿ ಕಾಗದಪತ್ರಗಳನ್ನೆಲ್ಲ ಚೀಲಗಳಲ್ಲಿ ತುಂಬಿಕೊಂಡು ಬಂತು. ಜುಲೈ ತಿಂಗಳ ಕೀಲಿಗಳು ಅದರಲ್ಲಿದ್ದವು. ಟ್ರಾಲರನ್ನು ಆಮೇಲೆ ಮುಳುಗಿಸಿದರು, ಸುಳಿವು ಉಳಿಯಬಾರದಲ್ಲ! ಈ ಸಂಗತಿ ದಶಕಗಳ ಕಾಲ ರಹಸ್ಯವಾಗಿಯೇ ಇದ್ದುದರಿಂದ ನಿಮ್ಮ ದೊಡ್ಡಪ್ಪನವರು ಆ ಹಡಗಿನಲ್ಲಿದ್ದಷ್ಟು ದಿನವೂ ಅಲ್ಲಿ ಯಾರಿಗೂ ಇದು ತಿಳಿದಿರಲಾರದು.

ಉತ್ತರ — ನೌಕಾ ಇತಿಹಾಸ ಪ್ರಿಯ

ಒಪ್ಪಿದೆ. ಅದೇ ಬೇಸಿಗೆಯ ಇನ್ನೊಂದು ಕಾರ್ಯಾಚರಣೆಯನ್ನೂ ಇಲ್ಲಿಯೇ ದಾಖಲಿಸಿಬಿಡುತ್ತೇನೆ. 1941ರ ಆಗಸ್ಟ್ ಕೊನೆಯಲ್ಲಿ ರಿಯರ್ ಅಡ್ಮಿರಲ್ ಫಿಲಿಪ್ ವಿಯನ್ ಅವರು ನೈಜೀರಿಯಾದಲ್ಲಿ ಧ್ವಜವಿಟ್ಟು, ಅರೋರಾ ಎಂಬ ಇನ್ನೊಂದು ಲಘು ಕ್ರೂಸರನ್ನು ಜೊತೆಗೆ ಕರೆದುಕೊಂಡು ಆರ್ಕ್‌ಟಿಕ್ ವೃತ್ತದ ಆಚೆಗಿನ ಸ್ಪಿಟ್ಸ್‌ಬರ್ಗೆನ್‌ಗೆ ಹೋದರು. ಅಲ್ಲಿನ ಕಲ್ಲಿದ್ದಲು ಜರ್ಮನಿಗೆ ಸಿಗಬಾರದೆಂದು ಗಣಿಗಳನ್ನು ಕೆಡಿಸಿ, ಕಲ್ಲಿದ್ದಲ ರಾಶಿಗಳಿಗೆ ಬೆಂಕಿಯಿಟ್ಟು, ರಷ್ಯದ ಗಣಿ ಕಾರ್ಮಿಕರನ್ನು ಅರ್ಖಾಂಗೆಲ್ಸ್ಕ್‌ಗೂ ನಾರ್ವೆಯವರನ್ನು ಬ್ರಿಟನ್ನಿಗೂ ಸಾಗಿಸಿದರು. ಹಿಂದಿರುಗುವಾಗ ಎರಡೂ ಕ್ರೂಸರುಗಳು ನಾರ್ವೆಯ ಉತ್ತರ ತುದಿಯ ಕಡೆಗೆ ತಿರುಗಿ, ಸೆಪ್ಟೆಂಬರ್ 7ರ ನಸುಕಿನಲ್ಲಿ ಮಬ್ಬಿನ ನಡುವೆ ಜರ್ಮನ್ ಸೈನಿಕರನ್ನು ಸಾಗಿಸುತ್ತಿದ್ದ ಹಡಗುಗಳ ಗುಂಪಿಗೆ ಎದುರಾದವು. ಅವುಗಳ ಬೆಂಗಾವಲಾಗಿದ್ದ ಬ್ರೆಮ್ಜೆ ಎಂಬ ಹಡಗು ತನಗಿಂತ ಎಷ್ಟೋ ಪಾಲು ದೊಡ್ಡದಾದ ಎರಡು ಕ್ರೂಸರುಗಳ ಎದುರು ನಿಂತು ಮುಳುಗಿತು, ಅಷ್ಟರಲ್ಲಿ ಸೈನಿಕರಿದ್ದ ಹಡಗುಗಳು ತಪ್ಪಿಸಿಕೊಂಡವು. ಬ್ರೆಮ್ಜೆಯ ನಾಯಕ ತನ್ನ ಕೆಲಸ ಮಾಡಿದ್ದ ಎಂದೇ ಹೇಳಬೇಕು. ಆ ಗಡಿಬಿಡಿಯಲ್ಲಿ ನೈಜೀರಿಯಾದ ಮೂತಿ ನುಗ್ಗಾಯಿತು. ಬ್ರೆಮ್ಜೆಗೆ ಡಿಕ್ಕಿ ಹೊಡೆದದ್ದರಿಂದ ಹಾಗಾಯಿತೆಂಬ ವಿವರಣೆ ಹೆಚ್ಚು ಪ್ರಚಲಿತ. ನೀರೊಳಗಿನ ಮೈನ್ ಸಿಡಿದದ್ದೆಂದು ಹೇಳುವವರೂ ಇದ್ದಾರೆ.

1942ರ ಮೊದಲರ್ಧವೆಲ್ಲ ರಷ್ಯಕ್ಕೆ ಸಾಮಗ್ರಿ ಒಯ್ಯುವ ಕಾನ್ವಾಯ್‌ಗಳ ಕಾವಲಿನಲ್ಲಿ ಕಳೆಯಿತು. ದುರಂತಕ್ಕೆ ಹೆಸರಾದ ಪಿ.ಕ್ಯೂ. 17 ಕಾನ್ವಾಯ್ ಹೊರಟಾಗ ನೈಜೀರಿಯಾ ದೂರದ ಬೆಂಗಾವಲಿನ ದೊಡ್ಡ ದಂಡಿನಲ್ಲಿತ್ತೇ ಹೊರತು ಸರಕು ಹಡಗುಗಳ ಹತ್ತಿರ ಇರಲಿಲ್ಲ. ಅಮೆರಿಕದಲ್ಲಿ ದುರಸ್ತಿಯಾಗಿ ಬಂದ ಮೇಲೆ 1944ರಿಂದ ಅದು ತ್ರಿಂಕೋಮಲಿ ನೆಲೆಯ ಪೂರ್ವ ನೌಕಾದಳದಲ್ಲಿ, ಅಂದರೆ ನಮ್ಮ ಕಡೆಯ ಸಮುದ್ರದಲ್ಲೇ ಇತ್ತು. 1944ರ ಏಪ್ರಿಲ್ ಮತ್ತು ಜುಲೈನಲ್ಲಿ ಸುಮಾತ್ರದ ತುದಿಯ ಸಬಾಂಗ್ ಮೇಲೆ ನಡೆದ ದಾಳಿಗಳಲ್ಲಿ ಭಾಗವಹಿಸಿತು. ಯುದ್ಧ ಮುಗಿದ ಮೇಲೆ ದಕ್ಷಿಣ ಆಫ್ರಿಕದ ಸೈಮನ್ಸ್‌ಟೌನ್‌ನಲ್ಲಿದ್ದು, 1948ರಲ್ಲಿ ಅರ್ಜೆಂಟೀನ ಮತ್ತು ಚಿಲಿ ದೇಶಗಳೊಡನೆ ತಕರಾರೆದ್ದಾಗ ಅಂಟಾರ್ಕ್‌ಟಿಕದ ಡಿಸೆಪ್ಷನ್ ದ್ವೀಪದವರೆಗೂ ಹೋಗಿಬಂತು.

ಪ್ರಶ್ನೆ — ಹೊಸ ಸದಸ್ಯೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಏಳೆಂಟು ನೂರು ಜನ ಹಿಡಿಸುವ, ಹನ್ನೆರಡು ಫಿರಂಗಿ ಹೊತ್ತ ಹಡಗನ್ನು "ಲಘು" ಎಂದು ಕರೆಯುವುದು ಏಕೆ?

ಉತ್ತರ — ರೇಡಿಯೊ ಹುಚ್ಚು

ಇದು ತೂಕದ ಮಾತಲ್ಲ, ಫಿರಂಗಿಯ ಬಾಯಿಯ ಅಳತೆಯ ಮಾತು. 1930ರ ಲಂಡನ್ ನೌಕಾ ಒಪ್ಪಂದದ ಪ್ರಕಾರ 6.1 ಅಂಗುಲಕ್ಕಿಂತ ದೊಡ್ಡ ಫಿರಂಗಿಗಳಿದ್ದರೆ ಅದು ಭಾರಿ ಕ್ರೂಸರ್, ಅಷ್ಟೇ ಅಥವಾ ಅದಕ್ಕಿಂತ ಸಣ್ಣ ಫಿರಂಗಿಗಳಿದ್ದರೆ ಲಘು ಕ್ರೂಸರ್. ಆದ್ದರಿಂದ ಕೆಲವು ಲಘು ಕ್ರೂಸರುಗಳು ಭಾರಿ ಕ್ರೂಸರುಗಳಷ್ಟೇ ತೂಗುತ್ತಿದ್ದವು. 1936ರ ಇನ್ನೊಂದು ಒಪ್ಪಂದ ಲಘು ಕ್ರೂಸರಿನ ತೂಕಕ್ಕೂ 8,000 ಟನ್ನಿನ ಮಿತಿ ಹಾಕಿತು. ನೈಜೀರಿಯಾ ಸೇರಿದ್ದ ಫಿಜಿ ವರ್ಗದ ಹಡಗುಗಳು ಆ ಮಿತಿಯ ಕೂಸುಗಳು: ಹನ್ನೆರಡು ಫಿರಂಗಿಗಳೂ ಬೇಕು, ತೂಕವೂ ಮೀರಬಾರದು ಎಂದು ಹಟ ಹಿಡಿದುದರ ಫಲವಾಗಿ ಒಳಗೆ ಜಾಗ ತೀರಾ ಇಕ್ಕಟ್ಟಾಯಿತು. ಯುದ್ಧಕಾಲದಲ್ಲಿ ರೇಡಾರು, ವಿಮಾನ ನಿರೋಧಕ ಫಿರಂಗಿ ಎಂದು ಒಂದೊಂದನ್ನೇ ಏರಿಸಿದಂತೆ ಜನರೂ ಹೆಚ್ಚಿದರು, ಇಕ್ಕಟ್ಟೂ ಹೆಚ್ಚಿತು. ಈ ವರ್ಗದ ಹಡಗುಗಳಿಗೆಲ್ಲ ಬ್ರಿಟನ್ನಿನ ವಸಾಹತುಗಳ ಹೆಸರಿಟ್ಟಿದ್ದರು; ಅಂಥದೊಂದು ಹೆಸರು ಕಳಚಿ ಆ ಹಡಗು ಸ್ವತಂತ್ರ ದೇಶವೊಂದರ ಸೇವೆಗೆ ಬಂತು ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಉತ್ತರ — ಕಾರವಾರದ ಕಡಲು

ನೈಜೀರಿಯಾದ ಯುದ್ಧಕಾಲ 1945ಕ್ಕೆ ಮುಗಿಯಿತು ಎಂದು ಓದುಗರು ಭಾವಿಸಬಾರದು ಎಂಬ ಕಾರಣಕ್ಕೆ ಇಷ್ಟು ಸೇರಿಸುತ್ತೇನೆ. ಆ ಹಡಗು 1957ರ ಆಗಸ್ಟ್ 29ರಂದು ಐ.ಎನ್.ಎಸ್. ಮೈಸೂರು ಆಯಿತು. ಹಿಂದಿನ ವರ್ಷವಷ್ಟೇ ಏಕೀಕರಣಗೊಂಡಿದ್ದ ನಮ್ಮ ರಾಜ್ಯಕ್ಕೂ ಆಗ ಮೈಸೂರು ಎಂದೇ ಹೆಸರು. 1961ರ ನವೆಂಬರಿನಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿದ್ದ ಪೋರ್ಚುಗೀಸರು ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ದರು. ಡಿಸೆಂಬರ್ 18ರಂದು ಗೋವಾ ಕಾರ್ಯಾಚರಣೆ ಆರಂಭವಾದಾಗ ಮೈಸೂರು ಮತ್ತು ತ್ರಿಶೂಲ್ ಹಡಗುಗಳು ನಾವಿಕರನ್ನು ಆ ದ್ವೀಪಕ್ಕೆ ಇಳಿಸಿದವು. ದ್ವೀಪದಿಂದ ಬಂದ ಗುಂಡಿನ ದಾಳಿಯಲ್ಲಿ ನೌಕಾಬಲದ ಏಳು ಮಂದಿ ಸತ್ತರು. ಹಡಗಿನ ಫಿರಂಗಿಗಳು ಮಾತಾಡಿದ ಮೇಲೆ, ಮರುದಿನ ದ್ವೀಪ ಕೈವಶವಾಯಿತು. ಬಿಣಗಾದಲ್ಲಿದ್ದ ನಮ್ಮ ಅಜ್ಜಿ, ಆ ದಿನ ಅಡುಗೆಮನೆಯ ಗೂಡಿನಲ್ಲಿದ್ದ ಹಿತ್ತಾಳೆ ತಟ್ಟೆಗಳು ತಾವಾಗಿಯೇ ಗಣಗಣ ಎಂದವು ಎಂದು ಕೊನೆಯವರೆಗೂ ಹೇಳುತ್ತಿದ್ದರು. 1942ರಲ್ಲಿ ಮಾಲ್ಟಾದ ದಾರಿಯಲ್ಲಿದ್ದ ಫಿರಂಗಿಗಳೇ ಅವು ಎಂಬುದು ಇವತ್ತು ಈ ಚರ್ಚೆ ಓದಿದ ಮೇಲೆಯೇ ನನಗೆ ಹೊಳೆದದ್ದು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆ ಅದೇ ಆಗಿತ್ತು. 1985ರಲ್ಲಿ ನಿವೃತ್ತವಾಯಿತು.

ನಿಮ್ಮ ದೊಡ್ಡಪ್ಪನವರ ಕಾಲದ ಒಂದು ಘಟನೆಯೂ ಇದೆ. 1959ರ ಆಗಸ್ಟ್ 25ರಂದು ಸಿಲೋನ್ ಬಳಿ ನಡೆದ ಸಮರಾಭ್ಯಾಸದಲ್ಲಿ ಬ್ರಿಟನ್ನಿನ ಹೋಗ್ ಎಂಬ ಡೆಸ್ಟ್ರಾಯರಿಗೂ ಮೈಸೂರಿಗೂ ಡಿಕ್ಕಿಯಾಗಿ, ಹೋಗ್‌ನ ಮೂತಿ ಮುದುರಿಹೋಯಿತು. ಅದರ ನಾವಿಕನೊಬ್ಬ ಸತ್ತ.

ಮರುಮಾತು — ಮಂಡ್ಯದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಿಂದಿನ ಟರೆಟ್ಟಿನ ಮುಂದೆ ಬೋಳು ಜಾಗ ನಿಜವಾಗಿಯೂ ಇದೆ, ಅಲ್ಲಿ ಯಾರೋ ಬಟ್ಟೆ ಒಣಹಾಕಿದ್ದಾರೆ.

ಕೊನೆಯ ಉತ್ತರ ಓದಿದ ಮೇಲೆ ಪತ್ರಗಳನ್ನು ಮತ್ತೆ ತೆರೆದೆ. 1959ರ ಸೆಪ್ಟೆಂಬರಿನಲ್ಲಿ ದೊಡ್ಡಪ್ಪ ನಮ್ಮ ಅಜ್ಜನಿಗೆ ಬರೆದ ಕಾರ್ಡೊಂದರಲ್ಲಿ, "ಹೋದ ತಿಂಗಳು ಇನ್ನೊಂದು ಹಡಗು ನಮ್ಮದಕ್ಕೆ ತಾಗಿತು. ನಾನು ಕೆಳಗೆ ಬಾಯ್ಲರ್ ಹತ್ತಿರ ಇದ್ದೆ. ನನಗೆ ಏನೂ ಆಗಿಲ್ಲ. ಅವ್ವನಿಗೆ ಹೇಳಬೇಡಿ" ಎಂದಿದೆ. ತಾಗಿತು ಎಂದರೆ ಬಂದರಿನಲ್ಲಿ ದೋಣಿಗೆ ದೋಣಿ ಉಜ್ಜಿದ ಹಾಗೆ ಎಂದು ನಾವು ಇಷ್ಟು ದಿನ ತಿಳಿದಿದ್ದೆವು. ಕಾರ್ಡಿನ ಮೇಲೆ ಅಜ್ಜನ ಕೈಬರಹದಲ್ಲಿ "ಹೇಳಿಲ್ಲ" ಎಂದು ಬರೆದಿದೆ.